ಜೀಪಿನ ಡ್ರಾಪ್ ಆರ್ಮ್ ಕಚ್ಚಿಕೊಂಡಿದೆ: ಸುತ್ತಿಗೆಯಿಂದ ಬಡಿಯಬಹುದೇ?

ಪ್ರಶ್ನೆ: ತೋಟದ ಕೊಟ್ಟಿಗೆಯಲ್ಲಿ ಹಲವು ಮಳೆಗಾಲ ಕಳೆದ ತಂದೆಯವರ ಹಳೆಯ ಮಹೀಂದ್ರ ಜೀಪನ್ನು ಮತ್ತೆ ರಸ್ತೆಗಿಳಿಸಬೇಕೆಂದಿದ್ದೇನೆ. ನಟ್ಟು ಬಿಚ್ಚಿದರೂ ಸ್ಟೀರಿಂಗ್ ಬಾಕ್ಸಿನ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ತೋಳು, ಅಂದರೆ ಡ್ರಾಪ್ ಆರ್ಮ್, ಮಿಸುಕುತ್ತಿಲ್ಲ. ಬಡಿದು ಬಿಡಿಸಬಹುದೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಾಕ್ಸಿನಿಂದ ಹೊರಬಂದು ಆರ್ಮನ್ನು ಹೊತ್ತಿರುವ ಶಾಫ್ಟಿನ ತುದಿಗೆ ದಯವಿಟ್ಟು ಹೊಡೆಯಬೇಡಿ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಆ ಶಾಫ್ಟಿನ ಒಳತುದಿಯ ಗೂಟಗಳು ಸ್ಟೀರಿಂಗ್ ಜೊತೆ ತಿರುಗುವ ಕ್ಯಾಮ್‌ನ ಸುರುಳಿ ತೋಡಿನಲ್ಲಿ ಕುಳಿತಿರುತ್ತವೆ. ಹೊರಗೆ ಕೊಟ್ಟ ಏಟು ನೇರವಾಗಿ ಆ ತೋಡಿಗೆ ಬೀಳುತ್ತದೆ. ಆರ್ಮ್ ಬಿಟ್ಟುಕೊಂಡರೂ ಬಾಕ್ಸ್ ಹಾಳಾಗುತ್ತದೆ.

ಆರ್ಮ್ ಕೂರುವುದು ಹಲ್ಲುಗಳಿರುವ, ತುದಿಗೆ ಹೋದಂತೆ ಸಪೂರವಾಗುವ ಶಾಫ್ಟಿನ ಮೇಲೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಆ ಸಂದಿಗೆ ತೇವ ಇಳಿಯದೇ ಇರುತ್ತದೆಯೇ? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಒಳಗೇ ಬಿಗಿದುಕೊಳ್ಳುತ್ತದೆ.

ಮೊದಲು ಶಾಫ್ಟಿಗೂ ಆರ್ಮಿಗೂ ಸೇರಿಸಿ ಉಳಿಯಿಂದ ಗುರುತು ಹಾಕಿ. ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ನಟ್ಟನ್ನು ಶಾಫ್ಟಿನ ತುದಿಯ ಮಟ್ಟಕ್ಕೆ ಮತ್ತೆ ಹಾಕಿ: ಶಾಫ್ಟಿನ ಮರೆಗಳು (ನಟ್ಟು ಕೂರುವ ಸುರುಳಿ ಗೆರೆಗಳು) ಉಳಿಯುತ್ತವೆ, ಆರ್ಮ್ ಥಟ್ಟನೆ ಹಾರುವುದಿಲ್ಲ. ಆರ್ಮನ್ನು ಎಳೆದು ಬಿಡಿಸುವ ಸಾಧನವಾದ ದಪ್ಪ ಕಾಲಿನ ಡ್ರಾಪ್ ಆರ್ಮ್ ಪುಲ್ಲರ್ ಹಾಕಿ ಬಿಗಿ ಮಾಡಿ, ಆ ಬಿಗಿತದಲ್ಲೇ ಬಿಟ್ಟು, ಶಾಫ್ಟನ್ನು ತಬ್ಬಿರುವ ಆರ್ಮಿನ ತಲೆಗೆ ಪಕ್ಕದಿಂದ ಬಡಿಯಿರಿ. ಎದುರು ಬದಿಗೆ ಇನ್ನೊಂದು ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದಿರಬೇಕು. ಎಳೆತ ಮತ್ತು ಅದುರು ಜೊತೆಯಾದಾಗಲೇ ಅದು ಬಿಡುವುದು. ಕಣ್ಣಿಗೆ ಕನ್ನಡಕವಿರಲಿ, ಪುಲ್ಲರಿನ ನೇರಕ್ಕೆ ನಿಲ್ಲಬೇಡಿ. ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಯ ಕೀಲುಗಳಾದ ಟೈ ರಾಡ್ ಎಂಡ್‌ಗಳಿಗೂ ಇದೇ ಪಕ್ಕದ ಏಟು ಸಾಕು. ರಾಡಿನ ಒಂದು ತುದಿಯ ಮರೆ ಎಡಗೈ ಮರೆ, ಅಂದರೆ ಉಲ್ಟಾ ತಿರುಗಿಸಿ ಬಿಚ್ಚುವಂಥದ್ದು, ಎಂಬುದು ನೆನಪಿರಲಿ.

ಇನ್ನೂ ಬಾರದಿದ್ದರೆ ಎಣ್ಣೆ ಪೂರ್ತಿ ಒರೆಸಿ ಆರ್ಮಿನ ತಲೆಯನ್ನಷ್ಟೇ ಹದವಾಗಿ ಬಿಸಿ ಮಾಡಬಹುದು. ಕೆಂಪಾಗುವಷ್ಟು ಕಾಯಿಸಿದರೆ ಉಕ್ಕಿನ ಗಟ್ಟಿತನ ಹೋಯಿತು, ಆ ಆರ್ಮ್ ಮತ್ತೆ ಹಾಕುವಂತಿಲ್ಲ. ಕೊನೆಯ ದಾರಿ, ಗ್ರೈಂಡರಿನಿಂದ ತಲೆಯನ್ನು ಸೀಳಿ, ಹಲ್ಲಿಗೆ ತಾಗುವ ಮುನ್ನ ನಿಲ್ಲಿಸಿ, ಉಳಿ ಇಟ್ಟು ಅಗಲಿಸುವುದು. ಹೊಸ ಆರ್ಮ್‌ಗೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ವಿಚಾರಿಸಿ. ಬಾಕ್ಸ್ ಉಳಿಸಿಕೊಳ್ಳುವುದೇ ಲಾಭ.

ಬಿರುಕು ಬಿಟ್ಟ ಆರ್ಮನ್ನು ವೆಲ್ಡ್ ಮಾಡಿಸುವ ಸಲಹೆ ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಅದು ತುಂಡಾದರೆ ಚಕ್ರ ಯಾರ ಮಾತನ್ನೂ ಕೇಳುವುದಿಲ್ಲ. ಜೋಡಿಸಿದ ಮೇಲೆ ಮುಂದಿನ ಚಕ್ರಗಳನ್ನು ಜ್ಯಾಕ್‌ನಲ್ಲಿ ಎತ್ತಿ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಿ. ಎಲ್ಲಿಯಾದರೂ ತಡೆದರೆ ಬಾಕ್ಸ್ ಬಿಚ್ಚಿಸಿ ನೋಡುವವರೆಗೆ ಜೀಪನ್ನು ಅಂಗಳ ದಾಟಿಸಬೇಡಿ.