ಆಕ್ಟಿನ್ ಎಳೆ ಮುರಿದರೆ ಕೆಲವು ಕ್ಯಾನ್ಸರ್ ಕೋಶಗಳಷ್ಟೇ ಸಾಯುವುದೇಕೆ?

ಕೋಶಕ್ಕೆ ಒಳಗಿನ ಹಂದರವಾಗಿರುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಕೆಡಿಸುವ ರಾಸಾಯನಿಕಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ ಎಂಬ ಮಾತು ಸಂಶೋಧನಾ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆದರೂ ಆಕ್ಟಿನ್‌ಗೇ ನೇರವಾಗಿ ಅಂಟುವ ಯಾವ ಔಷಧವೂ ಕ್ಯಾನ್ಸರ್ ಚಿಕಿತ್ಸೆಗೆ ಬಂದಿಲ್ಲ. ಹೃದಯದ ಸ್ನಾಯುವಿಗೂ ಹೆಚ್ಚುಕಡಿಮೆ ಅದೇ ಆಕ್ಟಿನ್ ಬೇಕಲ್ಲ!

1942ರಲ್ಲಿ ಹಂಗೇರಿಯ ಸೆಗೆಡ್‌ನಲ್ಲಿ ಸ್ನಾಯುವಿನಿಂದ ಆಕ್ಟಿನ್ ಬೇರ್ಪಡಿಸಿದರು. ಎಳೆ ಕೆಡಿಸುವ ರಾಸಾಯನಿಕಗಳ ಪೈಕಿ 1967ರಲ್ಲಿ ಶಿಲೀಂಧ್ರದ ಸೈಟೊಕಲಾಸಿನ್‌ಗಳು, 80ರ ದಶಕದಲ್ಲಿ ಸಮುದ್ರದ ಸ್ಪಂಜುಗಳಿಂದ ಲ್ಯಾಟ್ರನ್‌ಕ್ಯುಲಿನ್ ಮತ್ತು ಜಾಸ್ಪ್ಲಾಕಿನೊಲೈಡ್ ಬಂದವು. ಸೈಟೊಕಲಾಸಿನ್ ಎಳೆ ಬೆಳೆಯುವ ತುದಿಯನ್ನು ಮುಚ್ಚುತ್ತದೆ. ಲ್ಯಾಟ್ರನ್‌ಕ್ಯುಲಿನ್ ಬಿಡಿ ಆಕ್ಟಿನ್ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಾಸ್ಪ್ಲಾಕಿನೊಲೈಡ್ ಇದಕ್ಕೆ ವಿರುದ್ಧ, ಎಳೆಗಳು ಕರಗದಂತೆ ಬಿಗಿಯುತ್ತದೆ.

ಸಾವಿಗೆ ಕಾರಣವೇನೆಂಬ ಪ್ರಶ್ನೆಗೆ ಸ್ಪಷ್ಟವಾದ ಒಂದು ಉತ್ತರ 2001ರಲ್ಲಿ ಮೆಲ್ಬರ್ನ್‌ನಿಂದ ಬಂತು. ಬಿಎಂಎಫ್ ಎಂಬ ಪ್ರೋಟೀನು ಎಳೆಗಳ ಮೇಲೆ ಸಾಗುವ ಮಯೋಸಿನ್-5 ಎಂಬ ಮೋಟಾರು ಪ್ರೋಟೀನಿನ ಮೂಲಕ ಆಕ್ಟಿನ್ ಎಳೆಗಳ ಬಳಿ ಕಟ್ಟಿಕೊಂಡಿರುತ್ತದೆ. ಎಳೆ ಕೆಟ್ಟಾಗ ಅದು ಬಿಡಿಸಿಕೊಂಡು, ಕೋಶವನ್ನು ಕಾಯುವ ಬಿಸಿಎಲ್-2 ಪ್ರೋಟೀನನ್ನು ತಡೆಯುತ್ತದೆ. ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಸೋರಿ, ಕೋಶವನ್ನು ಒಳಗಿಂದ ಕತ್ತರಿಸಿ ಕೊಲ್ಲುವ ಕಿಣ್ವಗಳಾದ ಕ್ಯಾಸ್ಪೇಸ್‌ಗಳು ಶುರುವಾಗುತ್ತವೆ. ಕಾವಲಿನ ಪ್ರೋಟೀನು ಹೇರಳವಾಗಿರುವ ಕೋಶ ಇದನ್ನು ತಾಳಿಕೊಳ್ಳಬಹುದು.

ನಿಜವಾದ ಗೋಜಲು ಸಾವಿನ ಎರಡನೆಯ ದಾರಿಯಲ್ಲಿದೆ. ಕೋಶ ಇಬ್ಭಾಗವಾಗುವಾಗ ನಡುವನ್ನು ಬಿಗಿಯುವ ಉಂಗುರವೂ ಆಕ್ಟಿನ್ನಿನದೇ. ಸೈಟೊಕಲಾಸಿನ್ ಹಾಕಿದರೆ ಕೋಶಕೇಂದ್ರ ಎರಡಾಗುತ್ತದೆ, ಕೋಶ ಒಂದೇ ಉಳಿಯುತ್ತದೆ. ಸಹಜ ಕೋಶಗಳು ಅಲ್ಲಿಗೇ ನಿಲ್ಲುತ್ತವೆ. ಅನೇಕ ಕ್ಯಾನ್ಸರ್ ಕೋಶಗಳು ನಿಲ್ಲದೆ ಮತ್ತೆ ಮತ್ತೆ ವಿಭಜನೆಗೆ ಹೊರಟು, ಹಲವು ಕೇಂದ್ರಗಳನ್ನು ಹೊತ್ತು, ವರ್ಣತಂತುಗಳನ್ನು ಅಡ್ಡಾದಿಡ್ಡಿ ಹಂಚಿ ಸಾಯುತ್ತವೆ. ಇದು 70ರ ದಶಕದಿಂದಲೇ ಗೊತ್ತಿತ್ತು. ವರ್ಣತಂತುಗಳು ದುಪ್ಪಟ್ಟಾದುದನ್ನು ಪಿ53 ಎಂಬ ಕಾವಲು ಪ್ರೋಟೀನು ಗುರುತಿಸಿ ಕೋಶವನ್ನು ತಡೆಯುತ್ತದೆ ಎಂದು 2001ರಲ್ಲಿ ವಿವರಿಸಲಾಯಿತು. 2004ರಲ್ಲಿ ಆ ನಂಬಿಕೆ ಅಲುಗಿತು: ಔಷಧದ ಪ್ರಮಾಣ ಇಳಿಸಿದಾಗ ಎರಡು ಕೇಂದ್ರಗಳ ಸಹಜ ಕೋಶಗಳೂ ಮುಂದೆ ಸಾಗಿದವು. ಅಂದರೆ ತಡೆದದ್ದು ವರ್ಣತಂತುಗಳ ಲೆಕ್ಕವಲ್ಲ, ಔಷಧದ ಹೊರೆ. ಪ್ರಮಾಣ, ಅವಧಿ ನೋಡದೆ 'ಕ್ಯಾನ್ಸರನ್ನಷ್ಟೇ ಕೊಲ್ಲುತ್ತದೆ' ಎನ್ನುವುದು ಇಂದಿಗೂ ನಿಂತಿಲ್ಲ, ಅದೇ ಬೇಸರ.

ಅಳತೆಯಲ್ಲೂ ಎಡವಲು ಜಾಗ ಬಹಳ. ಆಕ್ಟಿನ್ ಕೆಟ್ಟ ಕೋಶ ಸಾಯದೆಯೂ ದುಂಡಾಗಿ, ಕೋಶ ಬೆಳೆಸುವ ತಟ್ಟೆಯಿಂದ ಏಳುತ್ತದೆ; ತೊಳೆಯುವಾಗ ಅದು ಹರಿದುಹೋದರೆ ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆ ಅದನ್ನು ಸತ್ತ ಲೆಕ್ಕಕ್ಕೆ ಸೇರಿಸುತ್ತದೆ. ತೇಲುವ ಕೋಶಗಳನ್ನೂ ಸೆಂಟ್ರಿಫ್ಯೂಜ್‌ನಲ್ಲಿ ಕೂಡಿಸಿ, ಸಾಯುತ್ತಿರುವ ಕೋಶಗಳನ್ನು ತೋರಿಸುವ ಅನೆಕ್ಸಿನ್ ಬಣ್ಣ ಹಾಕಿ, ಕ್ಯಾಸ್ಪೇಸ್ ತಡೆಯುವ ಜ಼ಡ್-ವ್ಯಾಡ್ ಕೊಟ್ಟ ಜೊತೆ ತಟ್ಟೆಯನ್ನೂ ಇಡಬೇಕು. ಔಷಧವನ್ನು ಕರಗಿಸುವ ದ್ರಾವಕ ಡಿಎಂಎಸ್‌ಒ ಮಾತ್ರ ಹಾಕಿದ ತಟ್ಟೆಯೂ ಇರಲಿ; ಸಾಮಾನ್ಯವಾಗಿ ಅದು ಶೇ 0.1 ಮೀರದಂತೆ ನೋಡಿಕೊಳ್ಳುತ್ತಾರೆ. ಸೈಟೊಕಲಾಸಿನ್-ಬಿ ಗ್ಲೂಕೋಸ್ ಒಳಬರುವುದನ್ನೂ ತಡೆಯುವುದರಿಂದ ಸಾವು ಹಸಿವಿನದೂ ಆಗಬಹುದು; ಸೈಟೊಕಲಾಸಿನ್-ಡಿ ಬಳಸಿದರೆ ಆ ಗೊಂದಲವಿಲ್ಲ. ಇನ್ನು ಜಾಸ್ಪ್ಲಾಕಿನೊಲೈಡ್ ಕೂರುವುದು ಆಕ್ಟಿನ್ ಎಳೆಗಳನ್ನು ತೋರಿಸುವ ಫ್ಯಾಲಾಯ್ಡಿನ್ ಬಣ್ಣ ಕೂರುವ ಜಾಗದಲ್ಲೇ. ಹಾಗಾಗಿ ಬಣ್ಣ ಕಾಣದಿದ್ದರೆ ಎಳೆಯೇ ಇಲ್ಲವೆಂದು ಬರೆಯುವಂತಿಲ್ಲ.

ಆಕ್ಟಿನ್ನನ್ನೇ ಮುಟ್ಟದ ಹಾದಿ 2013ರಲ್ಲಿ ಕಂಡಿತು. ಕ್ಯಾನ್ಸರ್ ಕೋಶಗಳ ಎಳೆಗಳು ಹೆಚ್ಚಾಗಿ ನೆಚ್ಚಿಕೊಂಡಿರುವ ಒಂದು ಬಗೆಯ ಟ್ರೋಪೋಮಯೋಸಿನ್ (ಆಕ್ಟಿನ್ ಎಳೆಯ ಉದ್ದಕ್ಕೂ ಸುತ್ತಿಕೊಳ್ಳುವ ಪ್ರೋಟೀನು) ಅನ್ನು ಗುರಿಯಾಗಿಸಿದ ಟಿಆರ್100 ಎಂಬ ಸಂಯುಕ್ತ, ಪ್ರಾಣಿಗಳಲ್ಲಿ ಹೃದಯಕ್ಕೆ ತೊಂದರೆಯಾಗದಂತೆ ನ್ಯೂರೋಬ್ಲಾಸ್ಟೋಮಾ ಎಂಬ ನರಕೋಶಗಳ ಕ್ಯಾನ್ಸರ್ ಗೆಡ್ಡೆಯ ಬೆಳವಣಿಗೆಯನ್ನು ಕುಗ್ಗಿಸಿತು. 2017ರಲ್ಲಿ ಅದೇ ಸಾಲಿನ ಇನ್ನೊಂದು ಸಂಯುಕ್ತವನ್ನು ನಮ್ಮ ಅಂಗಳದ ನಿತ್ಯಪುಷ್ಪದಿಂದ ಬರುವ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ಜೊತೆ ಇಲಿಗಳಿಗೆ ಕೊಟ್ಟಾಗ, ಎರಡೂ ಒಂದಕ್ಕೊಂದು ಬಲ ತುಂಬಿದವು.