ಗಡ್ಡೆಗೆ ಯಾಕಿಷ್ಟು ಸಕ್ಕರೆ?

ಬಾಯಿ ಅಥವಾ ಗಂಟಲಿನ ಕ್ಯಾನ್ಸರ್ ಇರುವವರಿಗೆ ಪೆಟ್ ಸ್ಕ್ಯಾನ್ (ಮೈಯಲ್ಲಿ ಎಲ್ಲಿ ಸಕ್ಕರೆ ಹೆಚ್ಚು ಹೀರಲ್ಪಡುತ್ತಿದೆ ಎಂದು ತೋರಿಸುವ ಚಿತ್ರ) ಬರೆದುಕೊಟ್ಟಾಗ ಒಂದಿಷ್ಟು ಕಟ್ಟುನಿಟ್ಟೂ ಜೊತೆಗೆ ಬರುತ್ತದೆ. ನಾಲ್ಕರಿಂದ ಆರು ಗಂಟೆ ಏನೂ ತಿನ್ನಬಾರದು. ರಕ್ತದ ಸಕ್ಕರೆ ಸಾಮಾನ್ಯವಾಗಿ 200 ದಾಟಿರಬಾರದು. ವಿಕಿರಣ ಸೂಸುವ ಸಕ್ಕರೆಯ ಸೂಜಿ ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಮಾತಾಡದೆ, ಏನೂ ಅಗಿಯದೆ, ಬೆಚ್ಚಗೆ ಕೂತಿರಬೇಕು. ಈ ನಿಯಮಗಳ ಬೇರು ಇರುವುದು 1920ರ ದಶಕದ ಬರ್ಲಿನ್‌ನಲ್ಲಿ.

ಅಲ್ಲಿ ಜರ್ಮನ್ ವಿಜ್ಞಾನಿ ಒಟ್ಟೊ ವಾರ್ಬರ್ಗ್ ಇಲಿಯ ಗಡ್ಡೆಯನ್ನು ತೆಳ್ಳಗೆ ಸೀಳಿ ಗ್ಲೂಕೋಸ್ ದ್ರಾವಣದಲ್ಲಿಟ್ಟು ಅದರ ಉಸಿರಾಟ ಅಳೆದರು. ಆಮ್ಲಜನಕ ಸಾಕಷ್ಟಿದ್ದರೂ ಗಡ್ಡೆ ಗ್ಲೂಕೋಸನ್ನು ಪೂರ್ತಿ ಸುಡದೆ ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಹಾಕುತ್ತಿತ್ತು. ಪೂರ್ತಿ ಸುಟ್ಟರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ (ಕೋಶ ಬಳಸುವ ಶಕ್ತಿಯ ಅಣು) ಸಿಗುತ್ತದೆ. ಈ ದಾರಿಯಲ್ಲಿ ಎರಡೇ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾ ಕೆಟ್ಟದ್ದೇ ಇದಕ್ಕೂ ಕ್ಯಾನ್ಸರಿಗೂ ಮೂಲವೆಂದು 1956ರಲ್ಲೂ ಅವರು ವಾದಿಸಿದರು. ಕಂಡದ್ದು ಸರಿ, ಹೇಳಿದ ಕಾರಣ ತಪ್ಪು. ಬಹುತೇಕ ಗಡ್ಡೆಗಳಲ್ಲಿ ಮೈಟೊಕಾಂಡ್ರಿಯಾ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಎರಡಾಗಲು ಹೊರಟ ಕೋಶಕ್ಕೆ ಶಕ್ತಿಯಷ್ಟೇ ಸಾಲದು. ಹೊಸ ಡಿಎನ್‌ಎಗೆ, ಹೊಸ ಪೊರೆಗೆ ಸಾಮಗ್ರಿ ಬೇಕು. ಅರ್ಧ ಮುರಿದ ಗ್ಲೂಕೋಸಿನಿಂದ ಅದು ಒದಗುತ್ತದೆ. ಮನೆ ಕಟ್ಟುವವರು ಮರವನ್ನೆಲ್ಲ ಒಲೆಗೆ ಹಾಕುವುದಿಲ್ಲವಲ್ಲ.

ತಂಬಾಕು, ಅಡಿಕೆ ಜಗಿಯುವುದರಿಂದ ಬರುವ ಬಾಯಿ ಕ್ಯಾನ್ಸರಿನಲ್ಲಿ (ನಮ್ಮಲ್ಲಿ ಹೆಚ್ಚು ಕಾಣುವುದು ಇದೇ) ಪಿ53 ಜೀನ್ ಬಹಳಷ್ಟು ಸಲ ಕೆಟ್ಟಿರುತ್ತದೆ. ಗ್ಲೂಕೋಸ್ ಒಡೆಯುವ ವೇಗಕ್ಕೆ ಕಡಿವಾಣ ಹಾಕುವ ಜೀನ್‌ಗಳಲ್ಲಿ ಅದೂ ಒಂದು. ಮೇಲಾಗಿ ಗಡ್ಡೆ ಬೆಳೆಯುವ ವೇಗಕ್ಕೆ ರಕ್ತನಾಳ ಬೆಳೆಯುವುದಿಲ್ಲ. ಒಳಭಾಗ ಆಮ್ಲಜನಕವಿಲ್ಲದೆ ಸೊರಗಿದಾಗ ಎಚ್‌ಐಎಫ್-1 ಎಂಬ ಪ್ರೋಟೀನ್ ಎದ್ದು, ಗ್ಲೂಕೋಸ್ ಒಳಗೆಳೆಯುವ ಬಾಗಿಲುಗಳನ್ನು ಹೆಚ್ಚಿಸುತ್ತದೆ. ರೇಡಿಯೇಷನ್‌ಗೆ ದೊಡ್ಡ ತೊಡಕು ಇಲ್ಲೇ: ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು. ಇದಕ್ಕೆ ಪರಿಹಾರವಾಗಿ ಡೆನ್ಮಾರ್ಕಿನಲ್ಲಿ ರೇಡಿಯೇಷನ್ ಜೊತೆ ಇಂಥ ಕೋಶಗಳು ವಿಕಿರಣಕ್ಕೆ ಬೇಗ ಬಗ್ಗುವಂತೆ ಮಾಡುವ ನಿಮೊರಜೋಲ್ ಮಾತ್ರೆ ಕೊಡುವ ರೂಢಿ ಬಂತು; ಬೇರೆಡೆ ಅಷ್ಟು ಹರಡಲಿಲ್ಲ. ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ್ದೇ ರೂಪ) ಹೆಚ್ಚಿದ್ದ ತಲೆ-ಕುತ್ತಿಗೆ ಗಡ್ಡೆಗಳು ಬೇರೆ ಅಂಗಗಳಿಗೆ ಹರಡುವ ಅಪಾಯವೂ ಹೆಚ್ಚೆಂದು 2001ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದರು.

ಈ ಹಸಿವನ್ನೇ ಚಿತ್ರ ತೆಗೆಯಲು ಬಳಸಿದ್ದು ಎಫ್‌ಡಿಜಿ. ಫ್ಲೋರಿನ್-18 ಅಂಟಿಸಿದ ಈ ಗ್ಲೂಕೋಸನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಕೋಶದೊಳಗೆ ಹೋದ ಎಫ್‌ಡಿಜಿಗೆ ಫಾಸ್ಫೇಟ್ ಅಂಟುತ್ತದೆ. ಮುಂದೆ ಒಡೆಯಲಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. 110 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಊಟ ಮಾಡಿ ಬಂದರೆ ಇನ್ಸುಲಿನ್ ಅದನ್ನು ಸ್ನಾಯುಗಳಿಗೆ ತಳ್ಳುತ್ತದೆ. ಮಾತಾಡಿದರೆ ಧ್ವನಿಪೆಟ್ಟಿಗೆ ಹೊಳೆಯುತ್ತದೆ, ಚಳಿಯಾದರೆ ಮೈ ಬಿಸಿ ಮಾಡುವ ಕುತ್ತಿಗೆಯ ಕಂದುಕೊಬ್ಬು. ಎರಡೂ ಗಡ್ಡೆಯಂತೆ ಕಂಡು ದಾರಿ ತಪ್ಪಿಸಬಹುದು.

ರೇಡಿಯೇಷನ್ ಮುಗಿದ ಕೂಡಲೇ ಸ್ಕ್ಯಾನ್ ಮಾಡದಿರುವುದೂ ಇದಕ್ಕೇ. ಊತವಿರುವ ಕಡೆ ಬಿಳಿ ರಕ್ತಕಣಗಳೂ ಸಕ್ಕರೆ ಹೀರುತ್ತವೆ. ಹಾಗಾಗಿ 12 ವಾರ ಕಾಯುತ್ತಾರೆ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 564 ರೋಗಿಗಳಿದ್ದರು. ಹೀಗೆ ಕಾದು ಸ್ಕ್ಯಾನ್ ಮಾಡಿದ ಗುಂಪಿನಲ್ಲಿ 54 ಕುತ್ತಿಗೆ ಶಸ್ತ್ರಚಿಕಿತ್ಸೆ ಸಾಕಾಯಿತು, ಮೊದಲೇ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದ ಇನ್ನೊಂದು ಗುಂಪಿನಲ್ಲಿ 221 ಆದವು. ಬದುಕುಳಿದವರ ಪ್ರಮಾಣದಲ್ಲಿ ಸ್ಕ್ಯಾನ್ ಗುಂಪು ಹಿಂದೆ ಬೀಳಲಿಲ್ಲ.

"ಹಾಗಾದರೆ ಸಕ್ಕರೆ ಬಿಟ್ಟರೆ ಗಡ್ಡೆ ಒಣಗುತ್ತದೆಯೇ?" ಎಂದು ಕೇಳುವವರಿದ್ದಾರೆ. ಇಲ್ಲ. ನೀವು ಬಿಟ್ಟರೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ. ನುಂಗಲಾಗದೆ ಮೊದಲೇ ಸೊರಗುವ ಈ ರೋಗಿಗಳು ಅನ್ನ, ಗಂಜಿಯನ್ನೂ ಬಿಟ್ಟರೆ ತೂಕ ಇಳಿದು ರೇಡಿಯೇಷನ್ ನಡುವೆಯೇ ನಿಲ್ಲಿಸಬೇಕಾಗಬಹುದು; ರೇಡಿಯೇಷನ್ ತಪ್ಪಿದ ಪ್ರತಿದಿನವೂ ಗಡ್ಡೆಗೆ ಲಾಭ.