ಹೂವಿನ ಅಚ್ಚು ಆಮೇಲೆ, ಮೊದಲು ಉಜ್ಜಿ

ಹೋದ ತಿಂಗಳು ಅಕ್ಕ ಒಬ್ಬರು ಕೈಚೀಲದ ತುಂಬ ನೀಲಿ ಬಣ್ಣದ ಚಕ್ಕೆಗಳನ್ನು ತಂದು ನನ್ನ ಮುಂದೆ ಸುರಿದರು. ಅಜ್ಜಿ ಕಾಲದ ಸಾಗವಾನಿ ಕಪಾಟಿಗೆ ತಾವೇ ಬಣ್ಣ ಹಚ್ಚಿ, ಬಿಳಿ ಹೂವಿನ ಅಚ್ಚು ಒತ್ತಿದ್ದರಂತೆ. ಎರಡೇ ತಿಂಗಳಿಗೆ ಎಲ್ಲಾ ಎದ್ದು ಬಂತು.

"ಬಣ್ಣಾನೇ ಖರಾಬ್ ಇತ್ತೇನ್ರಿ ಅಣ್ಣಾ?"

ಒಂದು ಚಕ್ಕೆ ತಿರುವಿ ತೋರಿಸಿದೆ. ಹಿಂಬದಿ ಗಾಜಿನಷ್ಟು ನುಣುಪು. ಮರದ ಒಂದು ಎಳೆಯೂ ಅಂಟಿರಲಿಲ್ಲ. ಬಣ್ಣ ಮರವನ್ನು ಮುಟ್ಟಿಯೇ ಇರಲಿಲ್ಲ, ಹಳೆ ಪಾಲಿಶ್ ಮೇಲೆ ಸುಮ್ನೆ ಕೂತಿತ್ತು.

ಕಲಬುರಗಿಯಲ್ಲಿ ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನರದ್ದು ಇದೇ ಕಥೆ. "ಮ್ಯಾಲೆ ಬಣ್ಣ ಬರ್ತದಲ್ರೀ, ಕೆಳಗ ಯಾರು ನೋಡ್ತಾರ?" ಅಂತಾರೆ. ಬಣ್ಣಕ್ಕೆ ಹಿಡಿದುಕೊಳ್ಳಲು ಏನಾದರೂ ಬೇಕು ಕಣ್ರಿ. ನಮ್ಮ ಹಳೆ ಕಪಾಟುಗಳ ಮೇಲೆ ಪಾಲಿಶ್ ಅಷ್ಟೇ ಅಲ್ಲ, ಹಬ್ಬಕ್ಕೊಮ್ಮೆ ಒರೆಸಿದ ಎಣ್ಣೆ, ಅಡುಗೆಮನೆಯ ಜಿಡ್ಡು, ಕೈಬೆವರು ಎಲ್ಲಾ ಇರುತ್ತದೆ. ಅದರ ಮೇಲೆ ಎಷ್ಟು ದುಬಾರಿ ಬಣ್ಣ ಹಚ್ಚಿದರೂ ನಿಲ್ಲುವುದಿಲ್ಲ.

ಮೊದಲು ಪಾತ್ರೆ ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸಿ. ತೊಳೆಯದೆ ಉಜ್ಜಿದರೆ ಜಿಡ್ಡು ಇನ್ನೂ ಒಳಗೆ ಹೋಗುತ್ತದೆ. ಒಂದು ದಿನ ಒಣಗಲಿ. ಆಮೇಲೆ 120 ನಂಬರ್ ಸ್ಯಾಂಡ್ ಪೇಪರ್, ಕೊನೆಗೆ 220. ಎಳೆ ಹೋದ ದಿಕ್ಕಿಗೇ ಉಜ್ಜಿ. ಮರ ಕಾಣುವ ತನಕ ಬೇಕಿಲ್ಲ, ಹೊಳಪು ಸತ್ತರೆ ಸಾಕು. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎಲ್ಲಿ ಇನ್ನೂ ಮಿಂಚುತ್ತದೋ ಅಲ್ಲೇ ನಾಳೆ ಚಕ್ಕೆ ಏಳುತ್ತದೆ. ಧೂಳು ಒರೆಸಿ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಸ್ತರು, ಆಮೇಲೆ ಬಣ್ಣ.

ಬೀದರ್‌ಗೆ ಹೋದಾಗ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸದವರ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ. ಎರಕ ಹೊಯ್ದ ಹೂದಾನಿಯನ್ನು ಅರದಿಂದ ಉಜ್ಜಿ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಳ್ಳುತ್ತಾರೆ. ಬಳ್ಳಿಯ ಗೆರೆ ಬೀಳುವುದು ಅದಾದ ಮೇಲೆ. ಬೆಳ್ಳಿ ತಂತಿ ಇನ್ನೂ ದೂರದ ಮಾತು.

ಒಂದು ಎಚ್ಚರಿಕೆ. ಪಾಲಿಶ್ ಬದಲು ಹಳೆ ಆಯಿಲ್ ಪೇಂಟ್ ಇದ್ದರೆ ಒಣದಾಗಿ ಉಜ್ಜಬೇಡಿ. ಮನೆ ಬಣ್ಣದಲ್ಲಿ ವಿಷದ ಲೋಹವಾದ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆ ಅಂತ ಕಣ್ಣಲ್ಲಿ ನೋಡಿ ಹೇಳಲಾಗದು. ನೀರು ಚಿಮುಕಿಸಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು, ಬಸುರಿಯರನ್ನು ದೂರ ಇಡಿ.

ಸಾಮಾನು ತುಂಬಿ ಬರುವ ಕಟ್ಟಿಗೆ ಪೆಟ್ಟಿಗೆಗಳದ್ದು ಉಲ್ಟಾ ಸಮಸ್ಯೆ. ಪಾಲಿಶ್ ಕಾಣದ ಪೈನ್ ಮರ ಬಣ್ಣವನ್ನು ಕುಡಿಯುತ್ತದೆ, ಒತ್ತಿದ ಹೂವು ಎಳೆಗುಂಟ ಹರಡುತ್ತದೆ. ಅದಕ್ಕೂ ಪ್ರೈಮರ್ ಬೇಕು. ಹೊರದೇಶದ ಮಶೀನು ಬಂದ ಪೆಟ್ಟಿಗೆಯಾದರೆ ಮೊದಲು ಅದರ ಮೇಲಿರುವ ತೆನೆ ಗುರುತಿನ ಠಸ್ಸೆ ನೋಡಿ. ಎಚ್‌ಟಿ ಅಂತಿದ್ದರೆ ಮರದ ತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಹುಳ ಕೊಂದಿದ್ದಾರೆ. ಎಂಬಿ ಅಂತಿದ್ದರೆ ಮಿಥೈಲ್ ಬ್ರೋಮೈಡ್ ಅನ್ನೋ ವಿಷದ ಗಾಳಿ ಹಾಯಿಸಿದ್ದಾರೆ. ಅದನ್ನು ಮನೆಯೊಳಗೆ ತರಬೇಡಿ ಅಂತಲೇ ನಾನು ಹೇಳೋದು.

ಅಚ್ಚು ಒತ್ತುವುದು ಸುಲಭ. ಅಚ್ಚನ್ನು ಬಣ್ಣದಲ್ಲಿ ಅದ್ದಬೇಡಿ, ಸ್ಪಂಜಿನಿಂದ ತೆಳ್ಳಗೆ ತಟ್ಟಿ. ಪೇಪರ್ ಮೇಲೆ ಒಮ್ಮೆ ಒತ್ತಿ ನೋಡಿ. ನಮ್ಮ ಬೇಸಿಗೆಯಲ್ಲಿ ಬಣ್ಣ ಅಚ್ಚಿನ ಮೇಲೇ ಒಣಗುತ್ತದೆ, ಬೆಳಗ್ಗೆ ನೆರಳಲ್ಲಿ ಮಾಡಿ.

ಆ ಅಕ್ಕ ಕಪಾಟಿನ ಒಂದು ಬಾಗಿಲು ಬಿಚ್ಚಿಸಿ ತಂದು, ನನ್ನ ಅಂಗಡಿಯಲ್ಲೇ ಕೂತು ಉಜ್ಜಿದರು. ನಾನು ಸಾಕು ಅಂದರೂ ಬಿಡಲಿಲ್ಲ. ಪಾಲಿಶ್ ಹೋಗಿ ಸಾಗವಾನಿಯ ಜೇನುಬಣ್ಣದ ಎಳೆಗಳು ಕಂಡಾಗ ಕೈ ನಿಂತಿತು. ಬೆರಳಾಡಿಸಿ ನೋಡಿದರು.

"ಇದಕ್ಕ ಬಣ್ಣ ಬ್ಯಾಡ್ರಿ ಅಣ್ಣಾ. ಒಂದು ಮೂಲ್ಯಾಗ ಹೂವಷ್ಟೇ ಒತ್ತೋಣು."

ಕೆಳಗಿನ ಮೂಲೆಗೆ ಮೂರು ಬಿಳಿ ಹೂ ಒತ್ತಿದೆವು.